ಹಳ್ಳದ ನೀರಿನ ತೊಟ್ಟಿ

ಮೊನ್ನೆ ಮಗಳು ಪಾಠ ಮಾಡುವ ಕಾಲೇಜಿಗೆ ಹೋಗಿದ್ದೆ. ಪ್ರಯೋಗಾಲಯದ ಬಾಗಿಲಲ್ಲೇ ಫಾರ್ಮಲಿನ್ ವಾಸನೆ ಮೂಗಿಗೆ ಅಡರಿತು. ಅದರ ಜೊತೆಗೇ ನಮ್ಮ ಪ್ರಾಣಿಶಾಸ್ತ್ರದ ಮೇಡಂ ನೆನಪಾದರು... ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೀನಿನ ತಟ್ಟೆಯ ಮೇಲೆ ಬಗ್ಗಿ ನಿಂತವರು.

ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದ ಕಡೆಯಿಂದ ಬಂದಿದ್ದ ಅವರು ಆರ್.ಟಿ. ನಗರದಲ್ಲಿ ಒಂಟಿಯಾಗಿ ಬಾಡಿಗೆಗಿದ್ದರು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಾವು ಕೊಯ್ದು ನೋಡುವ ಮೀನುಗಳು ಹೆಬ್ಬಾಳ ಕೆರೆಯ ಕೋಡಿಯಿಂದ ಹೊರಟು, ದೂರದಲ್ಲಿ ಹೊಳೆ ಸೇರುತ್ತಿದ್ದ ಹಳ್ಳದಿಂದ ಬರುತ್ತಿದ್ದವು.

ಒಂದು ದಿನ ನನ್ನ ತಟ್ಟೆಯಲ್ಲಿದ್ದ ಗಂಡು ಮೀನಿನ ವೃಷಣದ ಚೂರನ್ನು ಮೇಡಂ ಸೂಕ್ಷ್ಮದರ್ಶಕದಲ್ಲಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ನನಗೆ ಜಾಗ ಬಿಟ್ಟು, "ನೀನೂ ನೋಡವಾ" ಅಂದರು. ಅದರೊಳಗೆ ಮೊಟ್ಟೆಗಳಿದ್ದವು. ಗಂಡಿನೊಳಗೆ ಮೊಟ್ಟೆ! ಮರುವಾರವೂ ಅಂಥದ್ದೇ ಸಿಕ್ಕಿತು.

ಹಳ್ಳದ ಮೇಲುಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದಿತ್ತು. ಅದರ ನೀರು ನೊರೆನೊರೆಯಾಗಿ ಹಳ್ಳಕ್ಕೆ ಇಳಿಯುತ್ತಿತ್ತು. ಮೇಡಂ ಸರ್ಕಾರಿ ಕಚೇರಿಗೆ ಹೋಗಿ ಹೇಳಿದರು. ಜೊತೆಯಲ್ಲಿ ನಾನೂ ಇದ್ದೆ. ಅಧಿಕಾರಿ ನಕ್ಕುಬಿಟ್ಟ. "ಗಂಡಾದ್ರೇನು, ಹೆಣ್ಣಾದ್ರೇನು ಮೇಡಂ? ಮೀನು ಸಾರಿಗೆ ಎರಡೂ ಒಂದೇ ಅಲ್ವಾ?"

ಮರುದಿನ ಮೇಡಂ ಎರಡು ಗಾಜಿನ ತೊಟ್ಟಿ ತರಿಸಿದರು. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಹಳ್ಳದ ನೀರು. ಎರಡಕ್ಕೂ ದೂರದ ಕೆರೆಯೊಂದರಿಂದ ತಂದ ಎಳೆಯ ಮೀನುಗಳನ್ನು ಬಿಟ್ಟರು. ರಜೆಯಲ್ಲೂ ಬಂದು ನೀರು ಬದಲಿಸುತ್ತಿದ್ದರು. ತಿಂಗಳುಗಳು ಕಳೆದವು. ಬಾವಿ ನೀರಿನಲ್ಲಿ ಮರಿಗಳು ಕಾಣಿಸಿಕೊಂಡವು. ಹಳ್ಳದ ನೀರಿನಲ್ಲಿ ಮೀನು ಬೆಳೆದವು, ಮೊಟ್ಟೆಯನ್ನೂ ಇಟ್ಟವು. ಮೊಟ್ಟೆಗಳು ಮಾತ್ರ ಬೆಳ್ಳಗಾಗಿ ತಳ ಸೇರಿದವು.

ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಆ ಕಾರ್ಖಾನೆಯ ಮಾಲೀಕರೇ ಮುಖ್ಯ ಅತಿಥಿ. ಆಡಳಿತ ಮಂಡಳಿಯಲ್ಲೂ ಅವರಿದ್ದರು. ತೊಟ್ಟಿಗಳನ್ನು ಇಡಬೇಡಿ ಎಂದು ಪ್ರಿನ್ಸಿಪಾಲರು ಕೇಳಿಕೊಂಡರು. ಮೇಡಂ ಇಟ್ಟರು.

"ಈ ನೀರಲ್ಲೂ ಮೀನು ಚೆನ್ನಾಗೇ ಓಡಾಡ್ತಿದೆಯಲ್ರೀ?" ಅತಿಥಿ ಹಳ್ಳದ ನೀರಿನ ತೊಟ್ಟಿ ತೋರಿಸಿ ಕೇಳಿದರು.

"ಹೌದ್ರೀ ಸರ್, ಮೀನು ಸತ್ತಿಲ್ಲ. ಆದ್ರ ಮರಿ ಆಗವಲ್ವು. ಅದು ನಿಮ್ಮ ಕಾರ್ಖಾನಿ ಕೆಳಗಿನ ನೀರು."

ಅವರ ದನಿ ಏರಿರಲಿಲ್ಲ. ಅತಿಥಿ ಮುಂದಿನ ಮೇಜಿಗೆ ನಡೆದರು.

ಮುಂದಿನ ವರ್ಷಕ್ಕೆ ಕಾಲೇಜಿಗೆ ಮೇಡಂ ಬೇಡವಾದರು. ಊರಿಗೆ ಹೊರಡುವ ಮುಂಚೆ, ಉಳಿದಿದ್ದ ಮರಿಗಳನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ನಾವಿಬ್ಬರೂ ತಣಿಸಂದ್ರದ ತೋಟದ ಬಾವಿಗೆ ಹೋದೆವು. ಅವರು ಮೆಟ್ಟಿಲಿಳಿದು ಬಕೆಟ್ಟನ್ನು ಮೆಲ್ಲನೆ ಓರೆ ಮಾಡಿದರು. ಮರಿಗಳು ಕಣ್ಮರೆಯಾದ ಮೇಲೂ ಅಲ್ಲೇ ಕೂತಿದ್ದರು... ನಾನೂ ಕರೆಯಲಿಲ್ಲ.

ಈಗ ಆ ತೋಟವೆಲ್ಲ ಅಪಾರ್ಟ್‌ಮೆಂಟು. ಹಳ್ಳ ಮೋರಿಯಾಗಿದೆ. ಕಾರ್ಖಾನೆಗಳ ಕೊಳಕು ನೀರಿನ ಜೊತೆ ಸೇರುವ ಕೆಲವು ರಾಸಾಯನಿಕಗಳು ಮೀನಿನ ಮೈಯಲ್ಲಿ ಹಾರ್ಮೋನಿನಂತೆ ವರ್ತಿಸುತ್ತವೆ, ಗಂಡಿನಲ್ಲಿ ಮೊಟ್ಟೆ ಮೂಡಿಸುತ್ತವೆ ಎಂದು ಮಗಳು ತನ್ನ ಪಾಠದ ಪುಸ್ತಕದಲ್ಲೇ ತೋರಿಸಿದಳು. ನಾನು ಹಳೆಯ ಗೆಳತಿಯರನ್ನು ವಿಚಾರಿಸಿ, ಮೇಡಂ ಮನೆಯ ನಂಬರು ಹುಡುಕಿ ಫೋನ್ ಮಾಡಿದೆ. ಅವರ ತಂಗಿ ಎತ್ತಿದರು. ಮೇಡಂ ತೀರಿಕೊಂಡು ಎರಡು ವರ್ಷವಾಗಿತ್ತು.

ಹೇಳಬೇಕೆಂದಿದ್ದನ್ನು ಆ ತಂಗಿಗೇ ಹೇಳಿದೆ.

"ಹಂಗಾರ ಅಕ್ಕ ಹೇಳ್ತಿದ್ದದ್ದು ಖರೇನ ಇತ್ತೇನ್ರೀ?"

"ಹೌದು ಕಣ್ರೀ," ಅಂದೆ. "ಖರೇನೇ ಇತ್ತು."