ಪಡಸಾಲೆಗೆ ಕೇಳಿಸಿದ ಕುಕ್ಕರು

ಬಾಳಾ, ಚಿಮಣಿ, ನಿಮ್ಮ ಮನೆಯಲ್ಲಿ ಕುಕ್ಕರು ಕೂಗಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾನು ಮಾತ್ರ ಈಗಲೂ, ಯಾವ ಕೋಣೆಯಲ್ಲಿದ್ದರೂ, ಸೆರಗು ಸರಿಮಾಡಿಕೊಳ್ಳುತ್ತೇನೆ. ಯಾಕೆ ಎಂದು ನೀವು ಕೇಳಿದಿರಿ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಪಳಗಾಂವದಿಂದ ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದವಳು. ನಿಮ್ಮ ಅಜ್ಜನ ಮನೆಯವರದು ಚಾದರದ ವ್ಯಾಪಾರ. ಅಂಗಡಿ ಪೇಟೆಯಲ್ಲಿದ್ದರೂ ಅರ್ಧ ವ್ಯಾಪಾರ ನಡೆಯುತ್ತಿದ್ದುದು ಮನೆಯ ಪಡಸಾಲೆಯಲ್ಲಿ, ಗಾದಿಯ ಮೇಲೆ. ಬೆಳಗಾದರೆ ಮಾವನವರ ಮುಂದೆ ಯಾರಾದರೂ ಕುಳಿತಿರುತ್ತಿದ್ದರು. ಪಡಸಾಲೆಗೂ ಅಡಿಗೆ ಮನೆಗೂ ನಡುವೆ ಇದ್ದದ್ದು ಒಂದು ಗೋಡೆ. ಸೊಸೆಯ ಬಳೆಯ ಸದ್ದೂ ಆ ಗೋಡೆ ದಾಟಬಾರದು ಎಂಬುದು ಆ ಮನೆಯ ರೀತಿ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕುರಿ ತಿರುಗಿಸುತ್ತಿದ್ದ ನಾನು, ಇಲ್ಲಿಗೆ ಬಂದು ಸಪ್ಪಳವಾಗದಂತೆ ಪಾತ್ರೆಯನ್ನು ಬಟ್ಟೆಯ ಮೇಲೆ ಇಡುವುದನ್ನು ಕಲಿತೆ.

ಆಗ ನಿಮ್ಮ ಅಪ್ಪ ತೊಟ್ಟಿಲಿನ ಕೂಸು. ಬೇಳೆ ಬೇಯುವವರೆಗೆ ನಾನು ಒಲೆ ಬಿಟ್ಟು ಏಳುವಂತಿರಲಿಲ್ಲ. ತೊಗರಿ ಕಟ್ಟಿಗೆ ಭರ್ರೆಂದು ಉರಿದುಹೋಗುತ್ತದೆ, ಮತ್ತೆ ಮತ್ತೆ ಒಟ್ಟಬೇಕು. ನಡುಮನೆಯಲ್ಲಿ ಕೂಸು ಅಳುತ್ತಿತ್ತು. ಎದೆಯಲ್ಲಿ ಹಾಲು ಇಳಿದು ಕುಪ್ಪಸ ತೊಯ್ಯುತ್ತಿತ್ತು. ಅತ್ತು ಅತ್ತು ಅದು ಮಲಗಿಬಿಟ್ಟರೆ ನನ್ನ ಜೀವ ಇನ್ನೂ ತಳಮಳಿಸುತ್ತಿತ್ತು.

ನಿಮ್ಮ ಅಜ್ಜನಿಗೆ ಅದು ಕಂಡಿತ್ತೋ ಏನೋ, ಬಾಯಿ ಬಿಟ್ಟು ಹೇಳುವವರಲ್ಲ. ಒಮ್ಮೆ ಮುಂಬೈಗೆ ಮಾಲು ಒಯ್ದವರು ಬರುವಾಗ ಒಂದು ಕುಕ್ಕರು, ಒಂದು ಬತ್ತಿ ಸ್ಟವ್ ತಂದರು. ಅತ್ತೆ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದೇನೋ, ಬಾಂಬ್ ತಂದಿಯೇನು?”

“ಇದರಾಗ ಬ್ಯಾಳಿ ಲಗೂ ಕುದೀತದವ್ವ. ಇಕಿ ಅಷ್ಟೊತ್ತು ಕೂಸಿನ ಕಡೆ ನೋಡಬಹುದು.”

“ಬ್ಯಾಳಿಗೆ ಯಾಕ ಅವಸರ? ಅದಕ್ಕೇನು ರೈಲು ಹಿಡೀಬೇಕೇನು?”

ಸಂಜೆ ನಿಮ್ಮ ಅಜ್ಜನೇ ನೀರು ಅಳೆದು ಹಾಕಿ, ಸ್ಟವ್ ಹಚ್ಚಿ ತೋರಿಸಿದರು. ಮೊದಲು ಸುಂಯ್ ಎಂದಿತು. ಆಮೇಲೆ ಒಮ್ಮೆಲೇ, ಯಾರೋ ಶಿಳ್ಳೆ ಹಾಕಿದಂತೆ, ಶಿಟ್ಟಿ ಹೊಡೆಯಿತು. ನಾನು ಬಾಗಿಲ ಹಿಂದೆ ಓಡಿದೆ. ಪಡಸಾಲೆಯಿಂದ ಮಾವನವರು, “ಯಾವನದು, ಮನ್ಯಾಗ ಶಿಟ್ಟಿ ಹೊಡ್ಯಾವ?” ಎಂದು ಗದರಿದರು. ಆ ಕಾಲಕ್ಕೆ ಶಿಟ್ಟಿ ಹೊಡೆಯುವವರು ಚೌಕಿನಲ್ಲಿ ನಿಲ್ಲುವ ಪುಂಡರು. ನನ್ನ ಅಡಿಗೆ ಮನೆಯಿಂದ ಆ ಸದ್ದು ಗಂಡಸರ ನಡುವೆ ಹೋಯಿತಲ್ಲ ಎಂದು ಮುಖವೆಲ್ಲ ಬಿಸಿಯಾಯಿತು.

ಮರುದಿನದಿಂದ ನಾನು ಒಂದು ಉಪಾಯ ಮಾಡಿದೆ. ಸುಂಯ್ ಎನ್ನುತ್ತಲೇ ಬತ್ತಿ ಇಳಿಸಿಬಿಡುವುದು. ಶಿಟ್ಟಿ ಹೊರಗೆ ಕೇಳುತ್ತಿರಲಿಲ್ಲ. ಬೇಳೆಯೂ ಬೇಯುತ್ತಿರಲಿಲ್ಲ. ಅದನ್ನು ಮತ್ತೆ ಒಲೆಗೆ ಏರಿಸಿ, ಊದಿ, ಕುದಿಸಿ ಇಡುವಷ್ಟರಲ್ಲಿ ಕೆಲಸ ಮೊದಲಿಗಿಂತ ಹೆಚ್ಚಾಗುತ್ತಿತ್ತು. ಕೂಸಿನ ಹತ್ತಿರ ಹೋಗುವುದಿರಲಿ, ಕುಕ್ಕರು ಬಿಟ್ಟು ಆಚೆ ಈಚೆ ಸರಿಯುವಂತಿರಲಿಲ್ಲ. ಕೈ ಸದಾ ಬತ್ತಿಯ ತಿರುಗಣಿಯ ಮೇಲೆ, ಕಿವಿ ಗೋಡೆಯ ಆಚೆ.

ಒಂದು ದಿನ ಸಾರಿನಲ್ಲಿ ಬೇಳೆ ಹಲ್ಲಿಗೆ ಸಿಕ್ಕಿತು. ಅತ್ತೆ ತಟ್ಟೆಯಂಚಿಗೆ ಒಂದು ಕಾಳು ತೆಗೆದಿಟ್ಟರು.

“ಇಷ್ಟ ದೊಡ್ಡ ಡಬ್ಬಿ, ಇಷ್ಟ ಸಣ್ಣ ಕೆಲಸ ಆಗವಲ್ದು. ನೋಡವ್ವ, ಯುಗಾದಿ ದಿನ ಹೂರಣದ ಬ್ಯಾಳಿ ಇದರಾಗ ಹಾಕು. ಕುದೀತೋ, ಇರಲಿ. ಇಲ್ಲಾಂದ್ರ ಅಕ್ಕಲಕೋಟಿ ಮಗಳಿಗೆ ಕೊಡ್ತೀನಿ. ಆಕಿ ಮನ್ಯಾಗ ಬಾಯಿ ಇದ್ದವರು ಬಾಳ ಇದ್ದಾರ.”

ನನ್ನ ನಾದಿನಿಯನ್ನು ಅಕ್ಕಲಕೋಟೆಗೆ ಕೊಟ್ಟಿದ್ದರು. ಹಬ್ಬಕ್ಕೆ ತವರಿಗೆ ಬಂದವಳು ಬಾಗಿಲಲ್ಲೇ ನಗುತ್ತ, “ವೈನಿ, ಕುಕ್ಕರ ತೊಳದು ಇಟ್ಟೀಯೇನು? ನಾ ಚೀಲ ತಂದೀನಿ,” ಎಂದಳು. ನಾನೂ ನಕ್ಕೆ. ಒಳಗೆ ಮಾತ್ರ, ಇದು ಹೋದರೆ ನನ್ನ ಕೂಸು ಇನ್ನು ನಡೆಯುವವರೆಗೂ ತೊಟ್ಟಿಲಲ್ಲಿ ಹೀಗೇ ಅಳುತ್ತಿರಬೇಕು ಎಂದುಕೊಂಡೆ.

ಯುಗಾದಿಯ ದಿನ ಕಡಲೆಬೇಳೆ ತೊಳೆದು, ನೀರು ಅಳೆದು, ಮುಚ್ಚಳ ಹಾಕಿದೆ. ಆವತ್ತು ಪಡಸಾಲೆ ತುಂಬ ಜನ. ಮರವಡೆ ಕಡೆಯ ವ್ಯಾಪಾರಿಯೊಬ್ಬರ ದೊಡ್ಡ ಗಂಟಲು ನನಗೆ ಪಕ್ಕದಲ್ಲೇ ಕೂತಂತೆ ಕೇಳುತ್ತಿತ್ತು. ಕುಕ್ಕರು ಸುಂಯ್ ಎಂದಿತು. ಕೈ ತಾನಾಗಿ ತಿರುಗಣಿಗೆ ಹೋಯಿತು. ಅದೇ ಹೊತ್ತಿಗೆ ಕೂಸು ಅತ್ತಿತು.

ನಾನು ಎದ್ದೆ. ಯೋಚಿಸಿ ಎದ್ದೆನೆಂದರೆ ಸುಳ್ಳಾಗುತ್ತದೆ. ನಡುಮನೆಗೆ ಹೋಗಿ ನಿಮ್ಮ ಅಪ್ಪನನ್ನು ಎತ್ತಿ ಎದೆಗೆ ಹಚ್ಚಿಕೊಂಡೆ. ಹಿಂದೆ ಶಿಟ್ಟಿ ಹೊಡೆಯಿತು. ಪಡಸಾಲೆಯಲ್ಲಿ ಮಾತು ನಿಂತಿತು.

“ಯಜಮಾನ್ರ, ಮನ್ಯಾಗ ಪೋಲೀಸರು ಹೊಕ್ಕಾರೇನ್ರಿ?” ಎಂದರು ಆ ವ್ಯಾಪಾರಿ.

ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಅತ್ತೆಯ ದನಿ, ನಡುಬಾಗಿಲಿಂದ: “ಪೋಲೀಸರಲ್ರೀ, ನಮ್ಮ ಸೊಸಿ ಬ್ಯಾಳಿ ಕುದಸಾಕತ್ತಾಳ. ಹೋಳಿಗಿ ಊಟ ಅದ, ಎಲ್ಲಾರೂ ಉಂಡ ಹೋಗ್ರಿ!”

ಎಲ್ಲರೂ ನಕ್ಕರು. ಮಾವನವರೂ ನಕ್ಕರು. ಕುಕ್ಕರು ಇನ್ನೊಮ್ಮೆ ಕೂಗಿತು, ಆಮೇಲೂ ಕೂಗಿತು. ಮಾತುಕತೆ ಚಾದರದ ದರಕ್ಕೆ ಮರಳಿತು.

ತಣ್ಣಗಾದ ಮೇಲೆ ಮುಚ್ಚಳ ತೆಗೆದೆವು. ಅತ್ತೆ ಬೆರಳಿನಿಂದ ಒತ್ತಿ ನೋಡಿ, “ಬೆಣ್ಣಿ ಆಗ್ಯಾದ,” ಎಂದರು. ಮರುಕ್ಷಣ ಅವರ ಹುಬ್ಬು ಗಂಟಾಯಿತು. “ಕಟ್ಟು ಎಲ್ಲಿ?”

ಒಲೆಯ ಮೇಲಾದರೆ ಧಾರಾಳ ನೀರಿನಲ್ಲಿ ಬೇಳೆ ಬೇಯಿಸಿ, ಆ ನೀರನ್ನು ಬಸಿದಿಡುತ್ತೇವೆ. ಆ ಕಟ್ಟಿನಿಂದಲೇ ಸಾರು. ಕಟ್ಟಿನ ಸಾರಿಲ್ಲದೆ ನಮ್ಮಲ್ಲಿ ಹೋಳಿಗೆಯ ಎಲೆ ಹಾಕುವುದೇ ಇಲ್ಲ. ನಿಮ್ಮ ಅಜ್ಜ ತೋರಿಸಿದ ಅಳತೆಯ ನೀರನ್ನೆಲ್ಲ ಬೇಳೆ ಕುಡಿದುಬಿಟ್ಟಿತ್ತು. ಊಟಕ್ಕೆ ಕರೆದ ಜನ ಪಡಸಾಲೆಯಲ್ಲೇ ಕಾಯುತ್ತಿದ್ದರು.

ಅತ್ತೆ ಬೆಲ್ಲ ಹಾಕುವ ಮೊದಲು ಒಂದು ಹಿಡಿ ಬೇಳೆ ತೆಗೆದು, ಕಿವುಚಿ, ಬಿಸಿನೀರಿನಲ್ಲಿ ಕಲಸಿ, ಮಸಾಲೆ ಹಾಕಿ ಕುದಿಯಲು ಇಟ್ಟರು.

“ಗಂಡಸರಿಗೆ ಗೊತ್ತಾಗಂಗಿಲ್ಲ. ನೀ ಬಾಯಿ ಮುಚ್ಚಗೊಂಡಿರು. ಅದು ನಿನಗ ಛಂದ ಬರ್ತದ.”

ಮರವಡೆಯವರು ಸಾರನ್ನು ಎರಡನೆಯ ಸಲ ಹಾಕಿಸಿಕೊಂಡರು.

ಸಂಜೆ ನಾದಿನಿ ಚೀಲ ಬಿಚ್ಚಿದಾಗ ಅತ್ತೆ ಅದರಲ್ಲಿ ಹೋಳಿಗೆ ಕಟ್ಟಿ ಇಟ್ಟರು. “ಅವ್ವಾ, ಕುಕ್ಕರ ಕೊಡ್ತೀನಂದಿದ್ದಿ!”

“ಬ್ಯಾಳಿ ಕುದೀಲಿಲ್ಲಂದ್ರ ಕೊಡ್ತೀನಂದಿದ್ದೆ. ಕುದ್ದದಲ್ಲ. ನಿನ್ನ ಗಂಡಗ ಹೇಳು, ತರ್ತಾನ.”

ಅವಳು ಮುಖ ಊದಿಸಿಕೊಂಡೇ ಅಕ್ಕಲಕೋಟೆಗೆ ಹೋದಳು.

ಆಮೇಲಿನ ಬೆಳಗುಗಳಲ್ಲಿ ನಾನು ಕುಕ್ಕರು ಏರಿಸಿ ಕೂಸಿನ ಹತ್ತಿರ ಹೋಗಿ ಕೂರುತ್ತಿದ್ದೆ. ನೆಮ್ಮದಿಯಿಂದ ಕೂತೆ ಎಂದು ಹೇಳಲಾರೆ. ಮೈ ಬಿಗಿಹಿಡಿದು ಶಿಟ್ಟಿಯನ್ನೇ ಕಾಯುತ್ತಿದ್ದೆ, ಈಗ ಹೊಡೆಯುತ್ತದೆ, ಈಗ ಹೊಡೆಯುತ್ತದೆ ಎಂದು. ಹೊಡೆದಾಗ ನಿಮ್ಮ ಅಪ್ಪ ಮೊಲೆ ಬಿಟ್ಟು, ಬಾಯಲ್ಲಿ ಹಾಲು ಇಟ್ಟುಕೊಂಡೇ ಅಡಿಗೆ ಮನೆಯ ಕಡೆ ತಿರುಗಿ ನೋಡುತ್ತಿದ್ದ. ಆಮೇಲೆ ನನ್ನ ಮುಖ ನೋಡಿ ನಗುತ್ತಿದ್ದ. ಬೆಳಗಿನ ಬೆಳಕಲ್ಲಿ ಅವನ ನಗುವನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಮಕ್ಕಳೇ, ನಿಮಗೆ ಕನ್ನಡ ಓದುವುದು ಅಷ್ಟಾಗಿ ಬಾರದೆಂದು ಗೊತ್ತು. ಈಗ ಓದದಿದ್ದರೂ ಚಿಂತೆಯಿಲ್ಲ, ಈ ಹಾಳೆಗಳನ್ನು ರದ್ದಿಗೆ ಮಾತ್ರ ಹಾಕಬೇಡಿ. ಬಟ್ಟೆಯಲ್ಲಿ ಸುತ್ತಿ ಎಲ್ಲಿಯಾದರೂ ಇಡಿ, ನೀರು ತಾಗದ ಕಡೆ.