ಮೇ ಹೂವಿನ ತಾಮ್ರದ ಪಟ್ಟಿ

ಹಾಲಿನವನು ನೀರು ಬೆರೆಸದೆ ಹಾಲು ತಂದರೂ, ಇವತ್ತು ಯಾಕೆ ಬೆರೆಸಿಲ್ಲ ಎಂದು ಸಂಶಯಪಡುವವಳು ನಾನು ಅಂತ ನನ್ನ ಗಂಡ ಹೇಳುವುದುಂಟು. ಅನ್ನಲಿ ಬಿಡಿ. ಸಂಶಯಪಟ್ಟು ನಾನು ಕೆಟ್ಟದ್ದು ಕಡಿಮೆ.

ತೊಂಬತ್ತರ ದಶಕದ ಕೊನೆಗೆ ನಾವು ಸಿಂದಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆಯ ಮುಂದೆ ಗುಲಾಬಿ, ಸೇವಂತಿಗೆ, ಸುಗಂಧರಾಜ ಹಚ್ಚಿದ್ದೆ. ಒಂದು ಮಳೆಗಾಲದಲ್ಲಿ ಇಂಗಳೇಶ್ವರದ ತವರಿನಿಂದ ಮೇ ಹೂವಿನ ಗಡ್ಡೆಯೊಂದನ್ನು ತಂದು ಕಾಂಪೌಂಡ್ ಗೋಡೆಯ ಬುಡದಲ್ಲಿ ಊರಿದೆ. ಅವ್ವ ತೀರಿಕೊಂಡ ಮೇಲೆ ಅಣ್ಣ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿಬಿಟ್ಟಿದ್ದ. ಅವ್ವ ಕೈಯಾರೆ ಹಚ್ಚಿದ್ದರಲ್ಲಿ ಉಳಿದದ್ದು ಇದೊಂದೇ. ನಾನು ಮಣ್ಣು ಮುಚ್ಚುತ್ತಿದ್ದಾಗ ಆಚೆ ಮನೆಯ ಹಿರಿಯ ಹೆಂಗಸು ಕಾಕು ಗೋಡೆಗೆ ಆತು ನಿಂತು, ಇಷ್ಟು ಜತನದಿಂದ ಏನು ಹೂಳುತ್ತೀರಿ ಎಂದು ಕೇಳಿದರು. ಏನಿಲ್ಲ ಬಿಡಿ ಎಂದು ಮಾತು ಹಾರಿಸಿದೆ. ಹೇಳಿದರೆ ನಾಳೆ ನನಗೊಂದು ಮರಿ ಕೊಡಿ ಎನ್ನುತ್ತಾರೆ, ಕೊಡದಿದ್ದರೆ ಕಿತ್ತುಕೊಂಡು ಹೋಗುತ್ತಾರೆ. ಜನ ನನಗೆ ಗೊತ್ತಿಲ್ಲವೇ!

ಮೇ ಹೂವಿನ ತಾಪತ್ರಯ ಏನೆಂದರೆ, ಚಳಿಗಾಲಕ್ಕೆ ಎಲೆಯೆಲ್ಲ ಒಣಗಿ ಹೋಗುತ್ತದೆ. ಬೇಸಿಗೆಯಲ್ಲಿ ಕೆಂಪು ಚೆಂಡಿನಂಥ ಹೂವು ಎದ್ದು ಬರುವವರೆಗೆ ಅಲ್ಲಿ ಬರೀ ಮಣ್ಣು. ಗುರುತಿಲ್ಲದಿದ್ದರೆ ನಾನೇ ಗುದ್ದಲಿ ಹಾಕಿಬಿಟ್ಟೇನು. ಬೇರೆ ಗಿಡಗಳಿಗೆ ಮೊದಲು ಐಸ್‌ಕ್ರೀಮ್ ಕಡ್ಡಿ ಚುಚ್ಚಿ ನೋಡಿದ್ದೆ, ಗೆದ್ದಲು ತಿಂದವು. ಬಣ್ಣದ ಡಬ್ಬಿಯ ಪ್ಲಾಸ್ಟಿಕ್ ಕತ್ತರಿಸಿ ಹೆಸರು ಬರೆದರೆ ನಮ್ಮ ಬಿಸಿಲಿಗೆ ಅಕ್ಷರ ಅಳಿಸಿ, ಪಟ್ಟಿ ಹಪ್ಪಳದ ಹಾಗೆ ಮುರಿಯಿತು. ಕಬ್ಬಿಣದ ತಗಡು ತುಕ್ಕು ಹಿಡಿಯಿತು. ಕೊನೆಗೆ ಸೋರುತ್ತಿದ್ದ ತಾಮ್ರದ ಹಂಡೆಯನ್ನು ಹೊತ್ತುಕೊಂಡು ಪೇಟೆಯಲ್ಲಿ ಬೆಸುಗೆ ಹಾಕುವವನ ಅಂಗಡಿಗೆ ಹೋದೆ.

ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಕೊಡು ಎಂದಾಗ ಅವನು ನನ್ನನ್ನೊಮ್ಮೆ, ಹಂಡೆಯನ್ನೊಮ್ಮೆ ನೋಡಿ, ದನಿ ತಗ್ಗಿಸಿ ಯಾರ ಸಲುವಾಗಿ ಎಂದು ಕೇಳಿದ. ಗಿಡಗಳ ಸಲುವಾಗಿ ಎಂದೆ. ಅವನು ನಂಬಲಿಲ್ಲ. ನಾನೂ ಅವನನ್ನು ನಂಬಲಿಲ್ಲ. ತುಂಡು ತಾಮ್ರ ಎಲ್ಲಿ ಜೇಬಿಗೆ ಇಳಿಸುತ್ತಾನೋ ಎಂದು ಮುಗಿಯುವವರೆಗೆ ಎದುರಿಗೇ ಕೂತಿದ್ದೆ. ಮನೆಗೆ ಬಂದು ಕೈವಾರದ ಮೊನೆಯಿಂದ ಹೂವಿನ ಹೆಸರು, ಹಚ್ಚಿದ ತಿಂಗಳು, ವರ್ಷ ಕೊರೆದೆ. ಚಂದ ಕಾಣಲೆಂದು ಸುತ್ತಲೂ ಗೆರೆ ಎಳೆದು, ಅಂಕಿಗಳಿಗೆಲ್ಲ ಒಂದೊಂದು ಚೌಕದ ಮನೆ ಮಾಡಿ, ಆಯಾ ಗಿಡದ ಬುಡಕ್ಕೆ ಚುಚ್ಚಿದೆ.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ನೋಡಿದರೆ ಗೋಡೆ ಬುಡದ ಪಟ್ಟಿ ಇಲ್ಲ. ಮಣ್ಣು ಅಗೆದಿತ್ತು. ಗಡ್ಡೆಯೂ ಇಲ್ಲ. ತಾಮ್ರದ ಆಸೆಗೆ ಬಂದ ಕಳ್ಳನಾದರೆ ಗುಲಾಬಿಯ ಪಟ್ಟಿಗಳನ್ನು ಯಾಕೆ ಬಿಟ್ಟ? ಇದು ಗಡ್ಡೆಯ ಮೇಲೆ ಕಣ್ಣಿಟ್ಟವರ ಕೆಲಸ. ಅಂದು ಗೋಡೆಗೆ ಆತು ನಿಂತು ಕೇಳಿದವರು ಯಾರು? ಕಾಕು. ದಿನಾ ಮೊಸರಿನ ಹೆಪ್ಪಿಗೆ ಬರುತ್ತಿದ್ದು ಈಗ ಬರುವುದನ್ನೇ ನಿಲ್ಲಿಸಿದವರು ಯಾರು? ಅವರೇ. ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಒಳಗೆ ನಡೆಯುತ್ತಿದ್ದರು. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಇನ್ನೇನು ಸಾಕ್ಷಿ ಬೇಕು? ಬಟ್ಟೆ ಒಣಹಾಕುವ ನೆವದಲ್ಲಿ ಗೋಡೆಯಾಚೆ ಇಣುಕಿ ಅವರ ದಾಸವಾಳದ ಡಬ್ಬಿಗಳಲ್ಲೆಲ್ಲ ನನ್ನ ಗಡ್ಡೆಯನ್ನು ಹುಡುಕಿದೆ. ಅವ್ವ ಮತ್ತೊಮ್ಮೆ ಸತ್ತಳು ಅನ್ನಿಸಿ ಬಚ್ಚಲಲ್ಲಿ ಕೂತು ಅತ್ತೆ.

ಮೇ ತಿಂಗಳ ಒಂದು ಮಧ್ಯಾಹ್ನ ಕಾಕು ತಾವಾಗಿಯೇ ಬಾಗಿಲಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ನನ್ನನ್ನು ತಮ್ಮ ಹಿತ್ತಲಿಗೆ ಕರೆದೊಯ್ದು, ಬೇವಿನ ಟೊಂಗೆಗೆ ಕಟ್ಟಿದ್ದ ಹಳೆಯ ಅರಿವೆಯ ಗಂಟನ್ನು ತೋರಿಸಿದರು. ಅದರ ಸಂದಿಯಿಂದ ಕೆಂಪು ಮೊನೆಯೊಂದು ಹೊರಗೆ ಬಂದಿತ್ತು.

“ಅಕ್ಕೋರ, ಅದಕ್ಕ ಜೀವ ಬಂದೈತಿ. ನೀವು ಮಾಡಿದ್ದು ನೀವ ತಗೀರಿ. ನನ್ನ ಮಗಳ ಬಸಿರಿಗೆ ಏನೂ ಮಾಡಬ್ಯಾಡ್ರಿ.”

ಆಮೇಲೆ ಒಂದೊಂದೇ ಹೊರಬಿತ್ತು. ಕಾಕುವಿಗೆ ಓದು ಬಾರದು. ಬಸುರಿ ಮಗಳು ಮನೆಯಲ್ಲಿರುವಾಗ ತಮ್ಮ ಗೋಡೆಯ ಬುಡದಲ್ಲೇ ಚೌಕ ಹಾಕಿ ಅಂಕಿ ಕೊರೆದ ತಾಮ್ರದ ತಗಡು ಕಂಡಿತು. ಮಾಟದ ಯಂತ್ರವೆಂದು ಹೆದರಿ, ದೇವರ ಹಿಪ್ಪರಗಿಯ ಕಡೆ ತಾಯಿತ ಕಟ್ಟುವವನೊಬ್ಬನ ಹತ್ತಿರ ಓಡಿದರು. ಕೆಳಗೆ ಹೂತದ್ದನ್ನು ಅಗೆದು ತೆಗೆ, ತಗಡಿನ ಸಮೇತ ಹರಿಯುವ ನೀರಿಗೆ ಬಿಡು ಎಂದ ಅವನು. ಆ ಬೇಸಿಗೆಯಲ್ಲಿ ನಮ್ಮ ಕಡೆ ಹರಿಯುವ ನೀರು ಎಲ್ಲಿತ್ತು? ಹಳ್ಳವೆಲ್ಲ ಬತ್ತಿತ್ತು. ಮನೆಯೊಳಗೆ ಇಡಲು ಹೆದರಿ, ಮಳೆ ಬರುವವರೆಗೆಂದು ಬೇವಿಗೆ ಕಟ್ಟಿದ್ದರು.

ಗಂಟು ಬಿಚ್ಚಿ ಗಡ್ಡೆಯನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತೆ. ಅಳು ನಿಂತೊಡನೆ ಸಿಟ್ಟು ಬಂತು. “ಇಷ್ಟು ದಿನ ಹೆಪ್ಪು ಕೊಟ್ಟ ಕೈ ಮಾಟ ಮಾಡ್ತೈತೇನ್ರಿ ಕಾಕು? ಇದು ನಮ್ಮವ್ವ ಹಚ್ಚಿದ ಹೂವಿನ ಗಡ್ಡಿ. ಆಕೀದು ಅಂತ ನನ್ನ ಹತ್ರ ಇರೂದು ಇದೊಂದ.”

ಕಾಕು ಗಂಟಿನ ಅರಿವೆಯನ್ನು ಕೊಡವಿ ಮಡಚಿದರು.

“ಅವತ್ತು ಕೇಳಿದಾಗ ಇದೊಂದು ಮಾತು ಹೇಳಿದ್ದರ, ನಾ ದಿನಾ ನೀರು ಹಾಕ್ತಿದ್ನೆಲ್ರಿ.”

ಆಗಲೇ ಹೋಗಿ ಗಡ್ಡೆಯನ್ನು ಅದೇ ಜಾಗದಲ್ಲಿ ಊರಿದೆ. ನಳಕ್ಕೆ ನೀರು ಬರುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಕಾಕು ತುಂಬಿದ ಕೊಡವೊಂದನ್ನು ಹೊತ್ತು ತಂದರು. ಸುರಿಯುವ ಮೊದಲು ಗೋಡೆಯಾಚೆ ಬಾಗಿಲಲ್ಲಿ ನಿಂತಿದ್ದ ಮಗಳಿಗೆ, ಒಳಗೆ ಹೋಗು ಎಂದು ಕಣ್ಸನ್ನೆ ಮಾಡಿದರು. ಅವರು ಬರಿಗೊಡ ಎತ್ತಿಕೊಂಡು ತಮ್ಮ ಮನೆ ಸೇರುವವರೆಗೆ ನಾನೂ ಗಡ್ಡೆಯ ಹತ್ತಿರದಿಂದ ಕದಲಲಿಲ್ಲ.