ಚಿಕ್ಕಮ್ಮನ ಟ್ಯಾಬ್ ಸಾಲು

ಆ ಆಫೀಸಿನಲ್ಲಿ ಎಲ್ಲರಿಗೂ ಆಕೆ ಚಿಕ್ಕಮ್ಮ. ನಿಜಕ್ಕೂ ಚಿಕ್ಕಮ್ಮ ಆಗಬೇಕಾದದ್ದು ಯಜಮಾನನಿಗೆ ಮಾತ್ರ. ಅವನು ಆಕೆಯ ಅಕ್ಕನ ಮಗ. ಆದರೆ ಯಜಮಾನನೇ ದಿನವಿಡೀ ಚಿಕ್ಕಮ್ಮಾ ಚಿಕ್ಕಮ್ಮಾ ಎಂದು ಕೂಗುತ್ತಿದ್ದರೆ ಉಳಿದವರ ಬಾಯಿಗೆ ಬೇರೆ ಹೆಸರು ಬರುವುದಾದರೂ ಹೇಗೆ? ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ನಾಲ್ಕು ಕಂಪ್ಯೂಟರು. ಊರಿನ ಬಸ್ಸುಗಳು ಎಷ್ಟು ಹೊತ್ತಿಗೆ ಹೊರಡಬೇಕೆಂದು ಡಿಪೋದವರಿಗೆ ತಿಳಿಸುವ ಪ್ರೋಗ್ರಾಮನ್ನು ನೋಡಿಕೊಳ್ಳುವುದು ಅವರ ಕೆಲಸ.

ಚಿಕ್ಕಮ್ಮ ಮೌಸ್ ಮುಟ್ಟಿದವಳಲ್ಲ. ಅದು ಮೇಜಿನ ಮೂಲೆಯಲ್ಲಿ ಮುನಿಸಿಕೊಂಡ ನೆಂಟನ ಹಾಗೆ ಬಿದ್ದಿರುತ್ತಿತ್ತು. ಏನಿದ್ದರೂ ಕೀಬೋರ್ಡಿನಲ್ಲೇ. ಕೋಡ್ ಬರೆಯುವ ಎಡಿಟರಿನಲ್ಲಿ, ತೆರೆದ ಫೈಲುಗಳೆಲ್ಲ ಮೇಲ್ಗಡೆ ಟ್ಯಾಬುಗಳಾಗಿ ಸಾಲಾಗಿ ನಿಲ್ಲುತ್ತವಲ್ಲ, ಆ ಸಾಲು ಆಕೆಗೆ ಬಾಯಿಪಾಠ. ಆಲ್ಟ್ ಕೀಲಿಯ ಜೊತೆ ಒಂದರ ಅಂಕಿ ಒತ್ತಿದರೆ ನಿಲ್ದಾಣಗಳ ಫೈಲು, ಎರಡು ಒತ್ತಿದರೆ ಮಾರ್ಗಗಳದ್ದು, ಮೂರಕ್ಕೆ ರಜಾದಿನದ ವೇಳಾಪಟ್ಟಿ, ನಾಲ್ಕಕ್ಕೆ ಕೆಲಸದ ದಿನದ್ದು. ಕರೆಂಟು ಹೋದಾಗ ಕತ್ತಲಲ್ಲೂ ಉಪ್ಪಿನ ಡಬ್ಬಿಗೆ ಕೈ ಹೋಗುತ್ತದಲ್ಲ, ಹಾಗೆ. ಯಜಮಾನ ಮೌಸ್ ಹಿಡಿದು ಪರದೆಯ ಮೇಲೆ ತಡಕಾಡುವುದನ್ನು ಕಂಡರೆ, ಉಂಗುರ ಕಳಕೊಂಡೆಯೇನೋ ಎಂದು ರೇಗಿಸುವಳು.

ಇದೆಲ್ಲ ಜಂಬವೆಂದೇ ಎಲ್ಲರ ಎಣಿಕೆ. ಸ್ವಲ್ಪ ಜಂಬವೂ ಇತ್ತೆನ್ನಿ, ಇಲ್ಲವೆಂದರೆ ದೇವರು ಮೆಚ್ಚುವುದಿಲ್ಲ. ಆದರೆ ಒಳಗಿನ ಮಾತು ಬೇರೆ. ಚಿಕ್ಕಮ್ಮನ ಕಣ್ಣು ಮಂಜಾಗುತ್ತಿತ್ತು. ಕೋಡಿನ ಅಕ್ಷರಗಳನ್ನು ದಪ್ಪ ಮಾಡಿಕೊಂಡಿದ್ದಳು, ಅವು ಕಾಣುತ್ತಿದ್ದವು. ಟ್ಯಾಬಿನ ಮೇಲಿನ ಸಣ್ಣ ಹೆಸರುಗಳು ಮಾತ್ರ ಏನು ಮಾಡಿದರೂ ಕಾಣುತ್ತಿರಲಿಲ್ಲ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣ ಎಂದಿದ್ದರು ಡಾಕ್ಟರು. ಆಕೆ ಯಾರಿಗೂ ಹೇಳಲಿಲ್ಲ. ತಿಳಿದರೆ ಅಕ್ಕನ ಮಗ ಬೈಯುವವನಲ್ಲ, ಅದೇ ಆಕೆಯ ಭಯ. ಪ್ರೀತಿಯಿಂದಲೇ, ದುಡಿದದ್ದು ಸಾಕು, ಇನ್ನು ಆರಾಮಾಗಿರು ಎಂದು ಮನೆಗೆ ಕಳಿಸಿಬಿಟ್ಟರೆ? ಆ ಕುರ್ಚಿ ಬಿಟ್ಟರೆ ಬೇರೆ ಯಾವ ಜಾಗವೂ ಆಕೆಗೆ ತನ್ನದೆನಿಸುತ್ತಿರಲಿಲ್ಲ.

ಹೀಗಿರುವಾಗ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಒಳ್ಳೆಯವಳೇ, ಆದರೆ ಕೈ ಸುಮ್ಮನಿರದವಳು, ಚಿಕ್ಕಮ್ಮ ಟೀಗೆ ಹೋದ ಹೊತ್ತಿನಲ್ಲಿ ಆಕೆಯ ಕಂಪ್ಯೂಟರಿನಲ್ಲಿ ಏನೋ ನೋಡಲು ಕೂತಳು. ಟ್ಯಾಬುಗಳು ಹಿಂದುಮುಂದಾಗಿ ಕಂಡವು. ಪಾಪ, ಉಪಕಾರವಾಗಲೆಂದು ಕೆಲಸದ ದಿನ ಮೊದಲು, ರಜೆ ಆಮೇಲೆ ಎಂದು ಜೋಡಿಸಿಟ್ಟು ಎದ್ದಳು.

ಚಿಕ್ಕಮ್ಮ ಬಂದಳು. ಆಲ್ಟ್ ಮೂರು ಒತ್ತಿ, ರಜಾದಿನದ್ದೆಂದುಕೊಂಡು ಮೊದಲ ಬಸ್ಸನ್ನು ಒಂದು ಗಂಟೆ ತಡಮಾಡಿದಳು. ಕಂಟ್ರೋಲ್ ಎಸ್ ಒತ್ತಿ ಉಳಿಸಿ ಡಿಪೋಗೆ ಕಳಿಸಿಯೂಬಿಟ್ಟಳು. ಆ ಎರಡು ಪಟ್ಟಿಗಳೋ ಒಳಗೆಲ್ಲ ಅವಳಿಜವಳಿ; ಬೇರೆಯಾಗಿದ್ದದ್ದು ಮೇಲಿನ ಹೆಸರು ಮಾತ್ರ. ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಟ ಜನ ಬಸ್ಸಿಲ್ಲದೆ ನಿಂತರು, ಡಿಪೋದವರು ಫೋನಿನಲ್ಲೇ ಯಜಮಾನನ ಬೆವರಿಳಿಸಿದರು.

ಅವನು ಬಂದು ಆಕೆಯ ಕುರ್ಚಿಯ ಹಿಂದೆ ನಿಂತ.

"ಚಿಕ್ಕಮ್ಮ, ಮೇಲೆ ಹೆಸರು ನೋಡ್ಲಿಲ್ವಾ?"

"ನೋಡ್ದೆ ಕಣೋ. ಏನೋ ಮರೆವು."

ಹೊಸಬಳು ಅಳುಮೋರೆ ಮಾಡಿಕೊಂಡು, ಸಾಲು ಬದಲಾಯಿಸಿದ್ದು ತಾನೇ ಎಂದು ಹೇಳಿದಳು. ಚಿಕ್ಕಮ್ಮ ಅವಳನ್ನು ಬೈಯಲಿಲ್ಲ, ತಪ್ಪು ನನ್ನದೇ ಎಂದಳು. ಯಜಮಾನ ಪರದೆಯ ಮೇಲಿನ ದಪ್ಪ ಅಕ್ಷರಗಳನ್ನು ನೋಡಿದ, ಚಿಕ್ಕಮ್ಮನ ಮುಖ ನೋಡಿದ, ತನ್ನ ಕೋಣೆಗೆ ಹೋದ. ಗುಟ್ಟು ರಟ್ಟಾಯಿತು ಎಂದು ಆಕೆಗೆ ಗೊತ್ತಾಯಿತು. ಆ ಸಂಜೆಯಿಂದಲೇ ಮೇಜಿನ ಡ್ರಾಯರನ್ನು ದಿನಕ್ಕಿಷ್ಟಿಷ್ಟು ಖಾಲಿ ಮಾಡತೊಡಗಿದಳು. ಅವನಿಂದ ಹೇಳಿಸಿಕೊಳ್ಳುವುದಕ್ಕಿಂತ ತಾನಾಗಿ ಎದ್ದುಹೋಗುವುದು ಮೇಲು ಎನಿಸಿತ್ತು.

ಕೆಲವು ದಿನ ಕಳೆದ ಮೇಲೆ ಹೊಸಬಳು ತನ್ನ ಕೋಡಿನಲ್ಲೊಂದು ತಪ್ಪು ಸಿಗುತ್ತಿಲ್ಲವೆಂದು ಚಿಕ್ಕಮ್ಮನನ್ನು ಕರೆದಳು. ಆಕೆ ಹೋಗಿ ಕೂತದ್ದೇ ಅಭ್ಯಾಸಬಲದಿಂದ ಆಲ್ಟ್ ಮೂರು ಒತ್ತಿದಳು. ಬೇರೆಯವರ ಕಂಪ್ಯೂಟರು, ಇಲ್ಲಿ ಏನು ಬರುತ್ತದೋ ಎಂದುಕೊಳ್ಳುವಷ್ಟರಲ್ಲಿ ಪರದೆ ತುಂಬ ದಪ್ಪ ಅಕ್ಷರಗಳು. ಫೈಲಿನ ಮೊದಲ ಸಾಲಿನಲ್ಲಿ ಯಾರೋ ಬರೆದಿದ್ದರು: ಇದು ರಜಾದಿನದ ಪಟ್ಟಿ. ನಾಲ್ಕು ಒತ್ತಿದಳು, ಕೆಲಸದ ದಿನದ್ದು. ಹೊಸಬಳ ಎಳೆಯ ಕಣ್ಣಿಗೆ ಅಷ್ಟು ದಪ್ಪ ಅಕ್ಷರ ಯಾತಕ್ಕೆ? ಎದ್ದು ಪಕ್ಕದ ಕಂಪ್ಯೂಟರಿಗೆ ಹೋದಳು. ಅಲ್ಲೂ ಅದೇ ಸಾಲು, ಅದೇ ಅಕ್ಷರ. ನೆಟ್ಟಗೆ ಯಜಮಾನನ ಕೋಣೆಗೆ ನಡೆದು, ಅವನ ಹೆಗಲ ಮೇಲಿಂದ ಕೈಚಾಚಿ ಮೂರು ಒತ್ತಿದಳು. ಅಲ್ಲೂ ಅದೇ.

ಅವನು ತಲೆ ಎತ್ತಲಿಲ್ಲ.

"ಇನ್ಮೇಲೆ ಈ ಆಫೀಸಲ್ಲಿ ಇದೇ ಸಾಲು ಚಿಕ್ಕಮ್ಮ. ನೀನು ಯಾವ ಕುರ್ಚೀಲಿ ಕೂತ್ರೂ ಕೈಗೆ ಸಿಗ್ಬೇಕು." ಆಮೇಲೆ ಹೇಳಿದ, "ಕಣ್ಣಿನ ಡಾಕ್ಟರ ಹತ್ರ ಮಾತ್ರ ಒಬ್ಬಳೇ ಹೋಗ್ಬೇಡ. ನಾನೂ ಬರ್ತೀನಿ."

ಚಿಕ್ಕಮ್ಮನಿಗೆ ಹೇಳಬೇಕಾದದ್ದು ಬೇಕಾದಷ್ಟಿತ್ತು, ಬಾಯಿಗೆ ಬಂದದ್ದು ಬೈಗುಳ.

"ಮೊದಲು ಆ ಮೌಸ್ ಬಿಡೋ."

ಅವನು ಬಿಟ್ಟ. ಚಿಕ್ಕಂದಿನಲ್ಲಿ ಅಕ್ಷರ ತಿದ್ದಿಸಿದ ಹಾಗೆಯೇ ಆಕೆ ಅವನ ಕೈ ಹಿಡಿದು, ಒಂದು ಬೆರಳನ್ನು ಆಲ್ಟಿನ ಮೇಲೆ, ಇನ್ನೊಂದನ್ನು ಮೂರರ ಮೇಲೆ ಇಟ್ಟಳು.